ಮಂಚದ ಬಳಿಗೆ ಬರುವ ರೇಡಿಯೋ: ಆಸ್ಪತ್ರೆಯಲ್ಲಿ ಸ್ವಯಂಸೇವಕ ನಿರೂಪಕರಾಗುವುದು ಹೇಗೆ?

ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆಯ ಒಳಗಿನ ಹಳ್ಳಿಯಲ್ಲೇ ಬದುಕಿದ ನನ್ನ ಅಜ್ಜಿಗೆ ತುಳು, ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಕಾಲು ಮುರಿದು ಆಸ್ಪತ್ರೆ ಸೇರಿದಾಗ ಮೊದಲ ನಾಲ್ಕು ದಿನ ಮಾತೇ ಆಡಲಿಲ್ಲ. ಸುತ್ತಲೂ ಮಲಯಾಳ. ಸಿಸ್ಟರ್ ಎಷ್ಟು ಪ್ರೀತಿಯಿಂದ ವಿಚಾರಿಸಿದರೂ ಅಜ್ಜಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಐದನೆಯ ದಿನ ಪಕ್ಕದ ಮಂಚದ ಬೈಸ್ಟ್ಯಾಂಡರ್ (ರೋಗಿಯ ಜೊತೆಗೆ ನಿಲ್ಲುವವ) ಹುಡುಗ ಮೊಬೈಲಿನಲ್ಲಿ ಯಕ್ಷಗಾನದ ಪದ ಹಾಕಿದ. ಅಜ್ಜಿಯ ಬೆರಳು ಮಂಚದ ಕಬ್ಬಿಣದ ಮೇಲೆ ತಾಳ ಹಾಕತೊಡಗಿತು. ಸ್ವಲ್ಪ ಹೊತ್ತಿಗೆ, "ಭಾಗವತೆರ್ ಏರ್?" (ಪದ ಹಾಡುವ ಭಾಗವತರು ಯಾರು?) ಎಂದು ಕೇಳಿದರು.

ಆಸ್ಪತ್ರೆ ರೇಡಿಯೋ ಎಂದರೆ ಆ ಹುಡುಗ ಮಾಡಿದ್ದನ್ನೇ ದಿನವೂ ಕ್ರಮವಾಗಿ ಮಾಡುವುದು. ಬ್ರಿಟನ್ನಿನ ಯಾರ್ಕ್ ನಗರದ ಆಸ್ಪತ್ರೆಯಲ್ಲಿ 1925ರಲ್ಲೇ ರೋಗಿಗಳ ಹಾಸಿಗೆಯ ಪಕ್ಕ ಹೆಡ್‌ಫೋನ್ ಇಟ್ಟಿದ್ದರು. ಅಲ್ಲಿ ಇಂದಿಗೂ ಸ್ವಯಂಸೇವಕರು ವಾರ್ಡ್ ಸುತ್ತಿ, ಯಾರಿಗೆ ಯಾವ ಹಾಡು ಬೇಕೆಂದು ಕೇಳಿಕೊಂಡು ಬಂದು ಪ್ರಸಾರ ಮಾಡುತ್ತಾರೆ. ಏಳೆಂಟು ಭಾಷೆಯ ಜನ ಒಂದೇ ವಾರ್ಡಿನಲ್ಲಿ ಮಲಗುವ ನಮ್ಮ ಕಾಸರಗೋಡಿಗೆ ಇದು ಇನ್ನೂ ಹೆಚ್ಚು ಬೇಕು.

ಅನುಮತಿ ಮೊದಲು, ಮೈಕ್ ಆಮೇಲೆ

ಸೂಪರಿಂಟೆಂಡೆಂಟರಿಗೆ ಒಂದು ಪುಟದ ಅರ್ಜಿ ಕೊಡಿ. ಯಾವ ವಾರ್ಡು, ದಿನಕ್ಕೆ ಎಷ್ಟು ನಿಮಿಷ, ಯಾರು ಜವಾಬ್ದಾರರು ಎಂಬುದು ಅದರಲ್ಲಿರಲಿ. ಸರಕಾರಿ ಆಸ್ಪತ್ರೆಯಾದರೆ ಆಸ್ಪತ್ರೆ ನಿರ್ವಹಣಾ ಸಮಿತಿಯವರನ್ನೂ ಕಾಣಿ. ಹೆಡ್ ನರ್ಸ್ ಒಪ್ಪದಿದ್ದರೆ ಮೇಲಿನ ಸಹಿ ಇದ್ದೂ ಕೆಲಸ ನಡೆಯದು. ಅವರ ಬಳಿ ಹೋಗಿ, ಯಾವ ಹೊತ್ತು ವಾರ್ಡಿಗೆ ತೊಂದರೆಯಾಗದು ಎಂದು ಕೇಳಿ. ಬೆಳಗ್ಗೆ ಡಾಕ್ಟರರ ರೌಂಡ್ಸ್ ಇರುತ್ತದೆ. ನನ್ನ ಅನುಭವದಲ್ಲಿ ಮಧ್ಯಾಹ್ನದ ಊಟ ಮುಗಿದು ನೋಡಲು ಬರುವವರು ಇನ್ನೂ ಬಾರದ ಹೊತ್ತು ಒಳ್ಳೆಯದು. ಒಂಟಿತನ ಹೆಚ್ಚು ಕಾಡುವುದೂ ಆಗಲೇ.

ಎಫ್‌ಎಂ ಟ್ರಾನ್ಸ್‌ಮಿಟರ್ ತರಿಸುವ ಯೋಚನೆ ಬೇಡ. ಪರವಾನಗಿ ಇಲ್ಲದೆ ಗಾಳಿಯಲ್ಲಿ ಪ್ರಸಾರ ಮಾಡುವುದು ಅಪರಾಧ. ಸಮುದಾಯ ರೇಡಿಯೋ ಪರವಾನಗಿ ಸಂಸ್ಥೆಗಳಿಗೆ ಸಿಗುತ್ತದೆ, ವ್ಯಕ್ತಿಗಳಿಗಲ್ಲ. ಮೊಬೈಲಿನಲ್ಲಿ ಅರ್ಧ ಗಂಟೆಯ ಕಾರ್ಯಕ್ರಮ ರೆಕಾರ್ಡ್ ಮಾಡಿ, ವಾರ್ಡಿನ ಸಣ್ಣ ಸ್ಪೀಕರಿನಲ್ಲೋ ಬೈಸ್ಟ್ಯಾಂಡರ್‌ಗಳ ವಾಟ್ಸ್‌ಆ್ಯಪಿಗೋ ಕೊಟ್ಟರೆ ಸಾಕು. ಸದ್ದಿನ ಬಗ್ಗೆ ಎಚ್ಚರ. ಆಸ್ಪತ್ರೆಯ ಸುತ್ತ 100 ಮೀಟರನ್ನು ಸರಕಾರ ಮೌನ ವಲಯವೆಂದು ಘೋಷಿಸಬಹುದು. ಅಲ್ಲಿ ಹಗಲಿಗೆ 50, ರಾತ್ರಿಗೆ 40 ಡೆಸಿಬೆಲ್ ಮಿತಿ. ಐಸಿಯು, ಹಸುಗೂಸುಗಳ ಘಟಕದ ಹತ್ತಿರ ಸ್ಪೀಕರ್ ಬೇಡವೇ ಬೇಡ. ಒಬ್ಬರ ಇಯರ್‌ಫೋನ್ ಇನ್ನೊಬ್ಬರಿಗೆ ಕೊಡಬೇಡಿ.

ಮಂಚದಿಂದ ಮಂಚಕ್ಕೆ

ಈ ಕೆಲಸದ ಜೀವ ಇರುವುದು ಇಲ್ಲಿ. ಅರ್ಧ ಗಂಟೆಯ ಕಾರ್ಯಕ್ರಮಕ್ಕೆ ಒಂದು ಗಂಟೆ ವಾರ್ಡಿನಲ್ಲಿ ನಡೆಯಿರಿ. ನಿಂತುಕೊಂಡು ಕೇಳಬೇಡಿ, ಸ್ಟೂಲ್ ಎಳೆದು, ಮಲಗಿದವರ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಿ. "ಏನಾಗಿದೆ?" ಎಂಬ ಪ್ರಶ್ನೆಯನ್ನು ಅವರು ದಿನಕ್ಕೆ ಹತ್ತು ಸಲ ಕೇಳಿರುತ್ತಾರೆ. "ಅಜ್ಜ, ನಿಮ್ಮ ಊರು ಯಾವುದು? ಅಲ್ಲಿ ಯಕ್ಷಗಾನ ಆಟಕ್ಕೆ ಹೋಗುತ್ತಿದ್ದಿರಾ?" ಎಂದು ಕೇಳಿ ನೋಡಿ. ಒಬ್ಬರಿಗೆ ಭಜನೆ, ಇನ್ನೊಬ್ಬರಿಗೆ ಮಾಪ್ಪಿಳಪ್ಪಾಟ್ಟು (ಮಾಪ್ಪಿಳ ಮುಸ್ಲಿಮರ ಹಾಡು), ಮತ್ತೊಬ್ಬರಿಗೆ ಹಳೆಯ ಚಿತ್ರಗೀತೆ ಬೇಕಾಗುತ್ತದೆ. ಏನೂ ಬೇಡ ಎಂದರೆ ಸುಮ್ಮನೆ ಎದ್ದು ಬನ್ನಿ, ನಾಳೆ ಮತ್ತೆ ಹೋಗಿ. ನಿಮಗೆ ಮಲಯಾಳ ಅಥವಾ ಬ್ಯಾರಿ ಬಾರದಿದ್ದರೆ ಬರುವ ಗೆಳೆಯರನ್ನು ಜೊತೆಗೆ ಸೇರಿಸಿಕೊಳ್ಳಿ. ಕನ್ನಡದವರ ಒಂಟಿತನ ನೀಗಿಸಲು ಹೋಗಿ ಬೇರೆಯವರನ್ನು ಒಂಟಿ ಮಾಡಬಾರದು.

ಹಾಡು ಬೇಕೆಂದವರ ಹೆಸರು ಹೇಳಬೇಕಾದರೆ ಅವರನ್ನು ಕೇಳಿಯೇ ಹೇಳಿ. ಕಾಯಿಲೆಯ ಸುದ್ದಿ, ಹಾಸಿಗೆ ಸಂಖ್ಯೆ ಎತ್ತಲೇಬೇಡಿ. ಮನೆಮದ್ದಿನ ಸಲಹೆಯೂ ಬೇಡ.

ಏನು ಹಾಕುವುದು, ಹೇಗೆ ಮಾತಾಡುವುದು

ಚಿತ್ರಗೀತೆಗಳಿಗೆ ಹಕ್ಕುದಾರರ ಅನುಮತಿ ಬೇಕಾಗಬಹುದು, ಅದನ್ನು ಆಡಳಿತದವರೊಡನೆ ಮೊದಲೇ ಮಾತಾಡಿಕೊಳ್ಳಿ. ಆದರೆ ನಮ್ಮ ನೆಲದಲ್ಲೇ ಬೇಕಾದಷ್ಟು ಇದೆ. ಕುಂಬಳೆಯ ಹಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದಗಳಿಗೆ ಕೃತಿಸ್ವಾಮ್ಯದ ತಡೆ ಇಲ್ಲ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಲೇಖಕರ ಮರಣದ ನಂತರ 60 ವರ್ಷ ಎಂಬ ಲೆಕ್ಕದಂತೆ, ಅವರ ಜೀವಿತಕಾಲದಲ್ಲಿ ಅಚ್ಚಾದ ಕವಿತೆಗಳನ್ನು 2024ರಿಂದ ಯಾರು ಬೇಕಾದರೂ ಓದಬಹುದು. ಬೇರೆಯವರು ಮಾಡಿದ ರೆಕಾರ್ಡಿಂಗಿಗೆ ಬೇರೆಯೇ ಹಕ್ಕು ಇರುವುದರಿಂದ ನೀವೇ ಓದಿ, ನಿಮ್ಮೂರಿನ ಹವ್ಯಾಸಿ ಭಾಗವತರಿಂದಲೇ ಹಾಡಿಸಿ. ಪಾಡ್ದನ (ತುಳು ಜನಪದ ಹಾಡು) ಬಲ್ಲ ಹಿರಿಯ ಹೆಂಗಸರು ಸಿಕ್ಕಿದರೆ ಬಿಡಬೇಡಿ. ಚೆಂಡೆ ಜೋರಾಗುವ ಪದಗಳು ವಾರ್ಡಿಗೆ ಹೊಂದುವುದಿಲ್ಲ, ಮದ್ದಳೆಯ ಮಟ್ಟಿಗೆ ಇರಲಿ. ಸಾವು, ಅಗಲಿಕೆಯ ಸಾಲುಗಳು ಬರುತ್ತವೆಯೇ ಎಂದು ಇಡೀ ಹಾಡನ್ನು ಮೊದಲೇ ಕೇಳಿಕೊಳ್ಳಿ.

ರೆಕಾರ್ಡಿಂಗಿಗೆ ಬಟ್ಟೆ, ಹಾಸಿಗೆ ತುಂಬಿದ ಸಣ್ಣ ಕೋಣೆಯೇ ಸರಿ. ಗೋಡೆಯ ಮಾರ್ದನಿ ಅಲ್ಲಿ ಕಡಿಮೆ. ಫ್ಯಾನ್ ನಿಲ್ಲಿಸಿ, ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಮೈಕ್ ಬಾಯಿಯಿಂದ ಒಂದು ಗೇಣು ದೂರ, ತುಸು ಓರೆಯಾಗಿರಲಿ. ನೇರ ಇಟ್ಟರೆ ಪ, ಫ, ಭ ಅಕ್ಷರಗಳ ಉಸಿರು ಬಡಿದು ಸದ್ದಾಗುತ್ತದೆ. ಒಬ್ಬರೇ ಅಜ್ಜಿ ಎದುರು ಕೂತಿದ್ದಾರೆಂದುಕೊಂಡು, ಮಾಮೂಲಿಗಿಂತ ನಿಧಾನ ಮಾತಾಡಿ. "ಬೇಗ ಗುಣವಾಗಿ ಮನೆಗೆ ಹೋಗುತ್ತೀರಿ" ಎಂದು ಎಲ್ಲರಿಗೂ ಹೇಳಬೇಡಿ. ಹಾಗೆ ಹೋಗಲಾರದವರೂ ಕೇಳುತ್ತಿರುತ್ತಾರೆ.

ಅದೇ ರೆಕಾರ್ಡಿಂಗನ್ನು ಪಂಚಾಯತಿನ ಪಾಲಿಯೇಟಿವ್ (ನೋವು ತಗ್ಗಿಸುವ ಆರೈಕೆಯ) ನರ್ಸಿಗೂ ಕೊಡಿ. ವರ್ಷಗಟ್ಟಲೆ ಮನೆಯಲ್ಲೇ ಮಲಗಿರುವವರ ಬಳಿಗೆ ಹೋಗುವವರು ಅವರು.

ಇನ್ನೊಂದು ಮಾತು. ಪ್ರಸಾರಕ್ಕೆ ಹತ್ತು ನಿಮಿಷ ಮೊದಲು ಹೆಸರಿನ ಪಟ್ಟಿ ಹಿಡಿದು ಡ್ಯೂಟಿ ಸಿಸ್ಟರ್ ಬಳಿ ಹೋಗಿ. ನಿನ್ನೆ ಹಾಡು ಬೇಕೆಂದವರು ಇಂದು ಡಿಸ್ಚಾರ್ಜ್ ಆಗಿರಬಹುದು, ಇಲ್ಲವೇ ರಾತ್ರಿ ತೀರಿಹೋಗಿರಬಹುದು. ಎರಡನೆಯದಾದರೆ ಆ ಹೆಸರು ಹೊಡೆದುಹಾಕಿ, ಅಂದಿಗೆ ಬೇರೆ ಹಾಡು ಹಾಕಿ. ಸಂಜೆ ಹೋಗಿ ಪಕ್ಕದ ಮಂಚದವರ ಬಳಿ ಸ್ವಲ್ಪ ಹೊತ್ತು ಕುಳಿತು ಬನ್ನಿ.