ಮಳೆಗಾಲದ ಬೆಂಕಿಗೆ ಏಪ್ರಿಲ್‌ನಲ್ಲೇ ಸಿದ್ಧತೆ

ಮಲೆನಾಡಿನಲ್ಲಿ ಬೆಂಕಿಯ ಭಯವೆಂದರೆ ಬೇಸಿಗೆಯ ಕಾಡ್ಗಿಚ್ಚು ಎಂದೇ ಹೆಚ್ಚಿನವರ ಎಣಿಕೆ. ಮೂಡಿಗೆರೆ ತಾಲ್ಲೂಕಿನಲ್ಲಿ, ಹಳ್ಳದ ಪಕ್ಕದಲ್ಲೇ ಮನೆಯಿರುವ ಕಾಫಿ ಬೆಳೆಗಾರನಾದ ನಾನು ಹೆಚ್ಚು ಎಚ್ಚರದಿಂದ ಇರುವುದು ಮಳೆಗಾಲದಲ್ಲಿ. 2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನ ಗುಡ್ಡಗಳು ಕುಸಿದು, ಚಾರ್ಮಾಡಿ ಘಾಟಿಯ ಸಂಚಾರ ನಿಂತು, ವಿದ್ಯುತ್ ತಂತಿಗಳ ಮೇಲೆ ಮರಗಳು ಉರುಳಿದಾಗ, ಅಂಥ ದಿನ ಮನೆಗೆ ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನ ನಮ್ಮ ಗೇಟಿನವರೆಗೆ ಬರಲಾರದೆಂಬುದು ಸ್ಪಷ್ಟವಾಯಿತು. ಅಂದಿನಿಂದ ಪ್ರತಿ ಏಪ್ರಿಲ್‌ನಲ್ಲಿ, ಹೂಮಳೆಯ ನಂತರ, ಈ ಸಿದ್ಧತೆಗೆ ಕೈಹಾಕುತ್ತೇನೆ.

ಮೊದಲು ನೋಡುವುದು ಸುಣ್ಣವನ್ನು. ಅಡಿಕೆಗೂ ಕಾಳುಮೆಣಸಿಗೂ ರೋಗ ತಡೆಯುವ ಬೋರ್ಡೋ ದ್ರಾವಣ ಸಿಂಪಡಿಸುವ ನಮ್ಮ ಕಡೆ, 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಎಂಬ ಲೆಕ್ಕದಲ್ಲಿ ತಂದ ಸುಟ್ಟ ಸುಣ್ಣದ ಚೀಲಗಳು ಗೋದಾಮಿನಲ್ಲಿ ಇದ್ದೇ ಇರುತ್ತವೆ. ನೀರು ಬಿದ್ದ ಸುಣ್ಣ ಕೊತಕೊತ ಕುದಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಅದೇ ಸುಣ್ಣಕ್ಕೆ ಗೋಣಿಚೀಲ, ಕಟ್ಟಿಗೆಗಳ ನಡುವೆ ನೀರು ನುಗ್ಗಿದರೆ ಆ ಶಾಖಕ್ಕೆ ಪಕ್ಕದ ವಸ್ತುಗಳು ಹೊತ್ತಿಕೊಳ್ಳಬಹುದು. ಹಾಗಾಗಿ ಆ ಸಾರಿಯ ಸಿಂಪಡಣೆಗೆ ಬೇಕಾದಷ್ಟನ್ನೇ ತರುತ್ತೇನೆ. ಉಳಿದದ್ದನ್ನು ಬಿಗಿ ಮುಚ್ಚಳದ ಡ್ರಮ್ಮಿನಲ್ಲಿ ತುಂಬಿ, ನೀರು ಏರದ ಕಲ್ಲುಕಟ್ಟೆಯ ಮೇಲೆ, ಪೆಟ್ರೋಲ್ ಕ್ಯಾನಿನಿಂದ ದೂರ ಇಡುತ್ತೇನೆ.

ಎರಡನೆಯದು ಸಿಲಿಂಡರ್. 14.2 ಕೆ.ಜಿ. ಗ್ಯಾಸ್ ತುಂಬಿದ ಸಿಲಿಂಡರ್ ಸುಮಾರು 30 ಕೆ.ಜಿ. ತೂಗಿದರೂ ಅದರ ಗಾತ್ರ 33 ಲೀಟರಿಗಿಂತ ಹೆಚ್ಚಿರುವುದರಿಂದ, ಅಡುಗೆಮನೆಗೆ ನೀರು ಏರಿದರೆ ಅದು ತೇಲುತ್ತದೆ, ತೇಲಿ ಪೈಪನ್ನು ಕಿತ್ತುಕೊಳ್ಳುತ್ತದೆ. ಸೋರಿದ ಗ್ಯಾಸ್ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲೇ ಹರಡಿ, ಬಚ್ಚಲೊಲೆಯ ಕೆಂಡದವರೆಗೂ ಹೋಗಬಲ್ಲದು. ಗೋಡೆಗೆ ಕೊಕ್ಕೆ ಹೊಡೆಸಿ, ಸರಪಳಿಯಿಂದ ಸಿಲಿಂಡರನ್ನು ನೆಟ್ಟಗೆ ನಿಲ್ಲುವಂತೆ ಬಿಗಿದಿದ್ದೇನೆ. ಮನೆ ಬಿಟ್ಟು ಹೊರಡಬೇಕಾದರೆ ರೆಗ್ಯುಲೇಟರ್ ತೆಗೆದು ಮುಚ್ಚಳ ಹಾಕುವುದನ್ನು ಮನೆಯವರೆಲ್ಲರೂ ಕಲಿತಿದ್ದಾರೆ. ಸೋರಿಕೆಯ ದೂರಿಗಿರುವ 1906, ತುರ್ತು ಕರೆಯ 112, ವಿದ್ಯುತ್ ದೂರಿನ 1912 ಸಂಖ್ಯೆಗಳನ್ನು ಫೋನಿನ ಚಾರ್ಜ್ ಮುಗಿದಾಗಲೂ ಕಾಣುವಂತೆ ಬಾಗಿಲ ಹಿಂದೆ ಬಣ್ಣದಲ್ಲಿ ಬರೆಸಿದ್ದೇನೆ.

ಹೆಚ್ಚು ಹಣ ಖರ್ಚಾದದ್ದು ವಿದ್ಯುತ್ತಿಗೆ, ಮತ್ತು ಆ ಖರ್ಚು ಸರಿಯಾದದ್ದೆಂದೇ ನನ್ನ ಅಭಿಪ್ರಾಯ. ಮಳೆಗಾಲದಲ್ಲಿ ಗೋಡೆಗಳು ತೇವ ಹೀರಿ ಸ್ವಿಚ್ ಬೋರ್ಡುಗಳಲ್ಲಿ ಕಿಡಿ ಹಾರುತ್ತದೆ. ದಿನಗಟ್ಟಲೆ ಹೋಗಿದ್ದ ಕರೆಂಟ್ ನಡುರಾತ್ರಿ ಮರಳಿದಾಗ, ಮರೆತು ಆನ್ ಆಗಿಯೇ ಉಳಿದ ಇಸ್ತ್ರಿ ಪೆಟ್ಟಿಗೆ ಕಾಯತೊಡಗುತ್ತದೆ. ಅರ್ತಿಂಗ್ ಸರಿಪಡಿಸಿ, ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ, ಕರೆಂಟ್ ಹೋದ ಕೂಡಲೇ ಒಂದು ದೀಪದ ಹೊರತು ಎಲ್ಲ ಸ್ವಿಚ್ ಆರಿಸುವ ರೂಢಿ ಮಾಡಿಕೊಂಡಿದ್ದೇವೆ. ಮೇಣದಬತ್ತಿಯನ್ನು ಬಿಟ್ಟು ಚಾರ್ಜ್ ದೀಪಗಳಿಗೆ ಬಂದಿದ್ದೇವೆ. ಜನರೇಟರ್ ಮನೆಯೊಳಗೆ ಬರುವಂತಿಲ್ಲ, ಏಕೆಂದರೆ ಅದರ ಹೊಗೆಯಲ್ಲಿ ವಾಸನೆಯಿಲ್ಲದ ವಿಷಾನಿಲವಿದೆ. ಎಂಜಿನ್ ತಣ್ಣಗಾಗದೆ ಪೆಟ್ರೋಲ್ ತುಂಬುವಂತಿಲ್ಲ. ಹೊರಗಿನ ಲೈನನ್ನು ಕಡಿದು ಜನರೇಟರಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಯ ವೈರಿಂಗ್‌ಗೆ ಜೋಡಿಸುವಂತಿಲ್ಲ. ಈ ಕೊನೆಯ ನಿಯಮವನ್ನು ಉಪೇಕ್ಷಿಸಿದರೆ ನಮ್ಮ ಜನರೇಟರಿನ ವಿದ್ಯುತ್ ಹೊರಗಿನ ತಂತಿಗೆ ಹರಿದು, ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್‌ನ ಪ್ರಾಣ ತೆಗೆಯಬಹುದು.

ನೀರು ಇಳಿದ ಮೇಲೆ ಮನೆಗೆ ಮರಳಿದವರು ಆತುರದಲ್ಲಿ ಮೇನ್ ಸ್ವಿಚ್ ಹಾಕುವುದನ್ನು ನೋಡಿದರೆ ನನಗೆ ಎದೆ ನಡುಗುತ್ತದೆ. ಮೊದಲು ಕಿಟಕಿ ಬಾಗಿಲು ತೆರೆದು ಗ್ಯಾಸಿನ ವಾಸನೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಒದ್ದೆ ನೆಲದ ಮೇಲೆ ನಿಂತು ಸ್ವಿಚ್ ಮುಟ್ಟಬಾರದು. ನೀರು ನುಗ್ಗಿದ ಪ್ಲಗ್‌ಗಳನ್ನು ಎಲೆಕ್ಟ್ರಿಷಿಯನ್ ಬಿಚ್ಚಿ ಒಣಗಿಸಿ ವೈರಿನ ನಿರೋಧಕ ಹೊದಿಕೆ ಸರಿಯಿದೆಯೇ ಎಂದು ಅಳೆಯುವ ಮೆಗ್ಗರ್‌ನಿಂದ ಪರೀಕ್ಷಿಸುವವರೆಗೆ ಕತ್ತಲೆಯಲ್ಲೇ ಇರುವುದು ಮೇಲು.

ಬೆಂಕಿ ಆರಿಸಲು, ಕಟ್ಟಿಗೆ, ಎಣ್ಣೆ, ಗ್ಯಾಸ್ ಮೂರರ ಬೆಂಕಿಗೂ ಆಗುವ ಎಬಿಸಿ ಪುಡಿಯ ಉಪಕರಣವೊಂದು ಅಡುಗೆಮನೆಯ ಹೊರಬಾಗಿಲಲ್ಲಿದೆ. ಒಲೆಯ ಪಕ್ಕದಲ್ಲಿಟ್ಟರೆ ಬೆಂಕಿ ದಾಟಿ ತೆಗೆಯಬೇಕಾಗುತ್ತದೆ. ಮರಳು ಮಳೆಗೆ ಒದ್ದೆಯಾಗದಂತೆ ಅದರ ಬಕೆಟ್‌ಗೆ ಮುಚ್ಚಳವಿದೆ.

ಇನ್ನೂ ಮುಗಿಯದ ಕೆಲಸವೆಂದರೆ ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳದ್ದು. ಸೌದೆ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುವುದು, ಒಂದೇ ಪ್ಲಗ್ಗಿನಿಂದ ನಾಲ್ಕು ಕಡೆ ವೈರ್ ಎಳೆಯುವುದು ಅಲ್ಲಿ ಮಳೆಗಾಲದ ಅನಿವಾರ್ಯ. ಕಾರ್ಮಿಕರಿಗೆ ಬರೀ ಬುದ್ಧಿ ಹೇಳಿದರೆ ಸಾಲದು, ಮಾಲೀಕನಾದ ನಾನೇ ವೈರಿಂಗ್ ಮಾಡಿಸಿಕೊಡಬೇಕು. ಮೊದಲ ಸಾಲಿನ ಮನೆಗಳಿಗೆ, ಹೊರೆ ಹೆಚ್ಚಾದರೆ ತಾನೇ ಕರೆಂಟ್ ಕಡಿಯುವ ಎಂಸಿಬಿ ಹಾಕಿಸಿ, ಬಟ್ಟೆ ಒಣಗಿಸಲು ತಗಡಿನ ಪ್ರತ್ಯೇಕ ಮಾಡು ಇಳಿಸಿದ್ದಾಗಿದೆ. ಹಿಂದಿನ ಸಾಲಿನ ಕೆಲಸವನ್ನು ಈ ಮಳೆ ಹಿಡಿಯುವ ಮೊದಲು ಮುಗಿಸಲು ಎಲೆಕ್ಟ್ರಿಷಿಯನ್‌ಗೆ ಮುಂಗಡ ಕೊಟ್ಟಿದ್ದೇನೆ.