ಕವರಿಗೆ ಹಾಕಿದ್ದು ನಂಬಿಕೆಯೋ, ಕನಿಕರವೋ?

ಅಪರಿಚಿತರನ್ನು ನಂಬಿ ಜನ ಎಷ್ಟು ಹಣ ಕಳಿಸುತ್ತಾರೆ ಅಂತ ಅಳೆಯುವ ಪ್ರಯೋಗವೊಂದಿದೆ. ಮೊದಲ ಸಲ ಅದನ್ನು ಮಾಡಿಸಿದಾಗ ಸೂಚನೆಯ ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ‘ನಂಬಿಕೆಯ ಆಟ’ ಅಂತ ಬರೆದಿದ್ದೆ. ಹುಡುಗಿಯೊಬ್ಬಳು ಕೈ ಎತ್ತಿದಳು. “ಅಂದ್ರೆ ನಾವು ನಂಬಬೇಕು ಅಂತ ತಾನೇ, ಸರ್?” ಉತ್ತರವನ್ನು ನಾನೇ ಹೇಳಿಕೊಟ್ಟುಬಿಟ್ಟಿದ್ದೆ. ಆ ದಿನದ ಹಾಳೆಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಈ ಆಟವನ್ನು 1995ರಲ್ಲಿ ಬರ್ಗ್, ಡಿಕ್‌ಹಾಟ್ ಮತ್ತು ಮೆಕೇಬ್ ಎಂಬ ಸಂಶೋಧಕರು ಪ್ರಕಟಿಸಿದರು. ಒಂದು ಕೋಣೆಯಲ್ಲಿ ಕೂತವರು ತಮ್ಮ 10 ಡಾಲರ್‌ನಲ್ಲಿ ಎಷ್ಟನ್ನಾದರೂ ಇನ್ನೊಂದು ಕೋಣೆಯ ಅಪರಿಚಿತರಿಗೆ ಕಳಿಸಬಹುದು. ಕಳಿಸಿದ್ದು ಮೂರು ಪಟ್ಟಾಗಿ ಆ ಕಡೆ ಸೇರುತ್ತದೆ. ವಾಪಸ್ ಎಷ್ಟು ಕೊಡಬೇಕೆಂಬುದು ಅವರ ಇಷ್ಟ. ಬರೀ ಲಾಭ ನೋಡುವವರು ಏನೂ ಕೊಡುವುದಿಲ್ಲ. ಇದು ಗೊತ್ತಿದ್ದರೆ ಮೊದಲಿನವರೂ ಕಳಿಸಬಾರದು, ಅಲ್ವಾ? ಆದರೆ 32 ಜನರಲ್ಲಿ 30 ಜನ ಕಳಿಸಿದರು. ಸರಾಸರಿ ಕಳಿಸಿದ್ದು 5.16 ಡಾಲರ್, ವಾಪಸ್ ಬಂದದ್ದು 4.66. ನಷ್ಟವಾದರೂ ನಂಬಿದ್ದಾರೆ! ನನ್ನನ್ನು ಈ ಕೆಲಸಕ್ಕೆ ಎಳೆದದ್ದು ಈ ಅಂಕಿಗಳೇ.

ಎರಡನೇ ಸಲ ಹಾಳೆಯಲ್ಲಿ ‘ನಂಬಿಕೆ’ ಅನ್ನೋ ಪದವೇ ಇರಲಿಲ್ಲ. ‘ಮೊದಲನೆಯವರು’, ‘ಎರಡನೆಯವರು’, ಅಷ್ಟೇ. ಆಗ ಇನ್ನೊಂದು ತೊಂದರೆ ಕಣ್ಣಿಗೆ ಬಿತ್ತು. ಒಬ್ಬ ನೋಟು ಎಣಿಸಿದ, ನನ್ನ ಮುಖ ನೋಡಿದ, ಇನ್ನೆರಡು ನೋಟು ಸೇರಿಸಿ ಕವರ್ ಮುಚ್ಚಿದ. ಆ ಎರಡು ನೋಟು ಎದುರಿನವರಿಗಲ್ಲ, ನನಗೆ ಕೊಟ್ಟದ್ದು. ಅಂದಿನಿಂದ ಕವರುಗಳ ಮೇಲೆ ಗುರುತಿನ ಸಂಖ್ಯೆ ಮಾತ್ರ ಇರುತ್ತದೆ. ತಮಗೆಂದು ಕವರಿನಿಂದ ನೋಟು ತೆಗೆದಷ್ಟೂ ಅದೇ ಅಳತೆಯ ಖಾಲಿ ಚೀಟಿ ತುಂಬಿಸುತ್ತಾರೆ, ದಪ್ಪ ನೋಡಿ ಯಾರೂ ಊಹಿಸಲಾಗದು. ಕೋಣೆಯಲ್ಲಿ ನಾನು ಇರುವುದಿಲ್ಲ.

ಆದರೆ ನಿಜವಾಗಿ ತಲೆ ಕೆಡಿಸಿದ್ದು ಆಟ ಮುಗಿದ ಮೇಲೆ ಒಬ್ಬರು ಆಡಿದ ಮಾತು: “ವಾಪಸ್ ಬರುತ್ತೆ ಅಂತ ಕಳಿಸಲಿಲ್ಲ. ಸುಮ್ನೆ, ಅವರಿಗೂ ಸಿಗಲಿ ಅಂತ.” ಹಾಗಾದರೆ ನಾನು ಅಳೆಯುತ್ತಿದ್ದದ್ದು ಏನನ್ನು?

ಅರ್ಥಶಾಸ್ತ್ರಜ್ಞ ಜೇಮ್ಸ್ ಕಾಕ್ಸ್ 2004ರಲ್ಲಿ ತೋರಿಸಿದ ದಾರಿ ಇಲ್ಲಿ ಕೈ ಹಿಡಿಯಿತು. ಈಗ ಮೂರು ಗುಂಪು ಮಾಡುತ್ತೇನೆ. ಒಂದರಲ್ಲಿ ಪೂರ್ತಿ ಆಟ. ಇನ್ನೊಂದರಲ್ಲಿ ಎರಡನೆಯವರಿಗೆ ವಾಪಸ್ ಕೊಡುವ ಅವಕಾಶವೇ ಇಲ್ಲ. ಅಲ್ಲಿ ಕಳಿಸಿದ್ದು ಬರೀ ಕನಿಕರ, ಪೂರ್ತಿ ಆಟದಲ್ಲಿ ಅದಕ್ಕಿಂತ ಜಾಸ್ತಿ ಹೋದದ್ದು ನಂಬಿಕೆ. ಮೂರನೆಯದರಲ್ಲಿ ಎರಡನೆಯವರಿಗೆ ಪೂರ್ತಿ ಆಟದಲ್ಲಿ ಸಿಕ್ಕಷ್ಟೇ ಹಣ ಸಿಗುತ್ತದೆ, ಆದರೆ ಅದನ್ನು ಯಾರೂ ಮನಸ್ಸು ಮಾಡಿ ಕಳಿಸಿರುವುದಿಲ್ಲ. ತೀರಿಸಬೇಕಾದ ಋಣ ಇಲ್ಲದಾಗ ಅವರು ಎಷ್ಟು ಕೊಡುತ್ತಾರೆ ಅಂತ ನೋಡುವುದು ಅಲ್ಲೇ.