ಹಾಳಾಯ್ತು ಅನ್ನೋದನ್ನ ಇಂಗ್ಲಿಷಲ್ಲಿ ಬರೆಯೋದು ಹೆಂಗೆ: ಕೊಡಗಿನ ಮಳೆಗಾಲಕ್ಕೆ ಬೇಕಾಗೋ ವರ್ಬ್‌ಗಳು

ನಮ್ಮಲ್ಲಿ ಹಾಲೂ ಹಾಳಾಗುತ್ತೆ, ರೋಡೂ ಹಾಳಾಗುತ್ತೆ, ಮಿಕ್ಸಿನೂ ಹಾಳಾಗುತ್ತೆ, ಕುಡಿದು ಕುಡಿದು ಮನುಷ್ಯನೂ ಹಾಳಾಗ್ತಾನೆ, ಎಲ್ಲಕ್ಕೂ ಒಂದೇ ಮಾತು ಸಾಕು. ಇಂಗ್ಲಿಷಲ್ಲಿ ಒಂದೊಂದಕ್ಕೆ ಒಂದೊಂದು ವರ್ಬ್. ಜೂನ್ ಬಂತು ಅಂದ್ರೆ ಕೊಡಗಲ್ಲಿ ಇವು ಬೇಕೇ ಬೇಕು, ಇನ್ಶೂರೆನ್ಸ್‌ನೋರಿಗೆ ಮೇಲ್ ಹಾಕ್ಬೇಕು, ತೋಟದ ಲೆಕ್ಕ ಬರೆಯೋ ರೈಟರ್ ಬೆಂಗಳೂರಲ್ಲಿರೋ ಓನರ್‌ಗೆ ರಿಪೋರ್ಟ್ ಕಳಿಸ್ಬೇಕು, ಹೋಂಸ್ಟೇ ಇಟ್ಕೊಂಡೋರು ಗೆಸ್ಟ್‌ಗೆ ಮೆಸೇಜ್ ಮಾಡ್ಬೇಕು. ಆಗ ಎಲ್ಲದಕ್ಕೂ 'ಸ್ಪಾಯಿಲ್' ಅಂತ ಹಾಕಿಬಿಡ್ತೀವಿ.

ಮೊದಲು ಕೇಳ್ಕೋಬೇಕಾದ್ದು ಇಷ್ಟೇ, ರಿಪೇರಿ ಮಾಡಿದ್ರೆ ಸರಿ ಹೋಗುತ್ತಾ? ಹೋಗುತ್ತೆ ಅಂದ್ರೆ ಡ್ಯಾಮೇಜ್. ಏನೂ ಉಳಿದಿಲ್ಲ ಅಂದ್ರೆ ಡೆಸ್ಟ್ರಾಯ್. ಹೆಂಚು ಹಾರಿ ಒಂದು ಗೋಡೆ ಬಿರುಕು ಬಿಟ್ಟಿರೋ ಮನೆಗೆ 'ಡೆಸ್ಟ್ರಾಯ್ಡ್' ಅಂತ ಬರೆದ್ರೆ ಸರ್ವೆಗೆ ಬಂದೋನು ನೋಡಿದ ಕೂಡ್ಲೇ ನಿಮ್ಮ ಮಿಕ್ಕ ಮಾತನ್ನೂ ನಂಬಲ್ಲ. ಸರ್ಕಾರ ಕೊಡೋ ಮನೆ ಪರಿಹಾರದಲ್ಲೂ ಪಾರ್ಶಿಯಲಿ, ಸಿವಿಯರ್ಲಿ, ಫುಲ್ಲಿ ಡ್ಯಾಮೇಜ್ಡ್ ಅಂತ ಬೇರೆ ಬೇರೆ ಲೆಕ್ಕ ಇರುತ್ತೆ, ಬೆಳೆಗಾದ್ರೆ ನಷ್ಟ ಶೇಕಡಾ 33 ಇಲ್ಲಾ ಅದಕ್ಕಿಂತ ಜಾಸ್ತಿ ಇರಬೇಕು ಅಂತಾರೆ. ಹಂಗಾಗಿ 'ಹೆವಿಲಿ', 'ಟೋಟಲಿ' ಅಂತ ತುಂಬೋ ಬದಲು ಎಷ್ಟು ಗಿಡ, ಎಷ್ಟು ಶೀಟು ಅಂತ ನಂಬರ್ ಹಾಕಿ.

ಇನ್ನೊಂದು, ಡ್ಯಾಮೇಜ್‌ಗೆ ಬಹುವಚನ ಮಾಡ್ಬೇಡಿ. 'ಮೆನಿ ಡ್ಯಾಮೇಜಸ್' ಅಂತ ಎಲ್ರೂ ಬರೀತಾರೆ, ಆದ್ರೆ ಡ್ಯಾಮೇಜಸ್ ಅಂದ್ರೆ ಕೋರ್ಟ್ ಕೊಡಿಸೋ ಪರಿಹಾರದ ದುಡ್ಡು. ನಷ್ಟ ಜಾಸ್ತಿ ಆಗಿದ್ರೆ 'ಎ ಲಾಟ್ ಆಫ್ ಡ್ಯಾಮೇಜ್'.

ಈಗ ಅಸಲಿ ಕಷ್ಟದ ಜಾಗ. ಬರೆ, ಅಂದ್ರೆ ಮಣ್ಣಿನ ದಿಬ್ಬ, ಜರಿಯೋದು ನಮಗೆ ಹೊಸದಲ್ಲ, ಆದ್ರೆ ಅದನ್ನ ಬರೆಯೋವಾಗ ನೂರಕ್ಕೆ ತೊಂಬತ್ತು ಜನ 'ದಿ ವಾಲ್ ವಾಸ್ ಕೊಲ್ಯಾಪ್ಸ್ಡ್' ಅಂತಾರೆ. ಕೊಲ್ಯಾಪ್ಸ್ ಅಂದ್ರೆ ತಾನಾಗೇ ಕುಸಿಯೋದು, ನಮ್ಮ ಕುಸಿ, ಜರಿ ಇದ್ದಂಗೆ, ಅದಕ್ಕೆ 'ವಾಸ್' ಹಚ್ಚಂಗಿಲ್ಲ, 'ದಿ ವಾಲ್ ಕೊಲ್ಯಾಪ್ಸ್ಡ್' ಅಷ್ಟೇ. ಡೆಸ್ಟ್ರಾಯ್ ಇದರ ಉಲ್ಟಾ, ಅದು ಕೆಡವು ಇದ್ದಂಗೆ, ಮಾಡಿದೋರು ಒಬ್ರು ಇರ್ಲೇಬೇಕು, ಅದು ಮಳೆನೇ ಆಗ್ಲಿ ಆನೆನೇ ಆಗ್ಲಿ. 'ದಿ ಹೌಸ್ ಡೆಸ್ಟ್ರಾಯ್ಡ್' ಅಂದ್ರೆ ಮನೆನೇ ಎದ್ದು ಹೋಗಿ ಏನನ್ನೋ ನಾಶ ಮಾಡ್ತು ಅಂತಾಗುತ್ತೆ. ಅಲ್ಲಿ 'ವಾಸ್ ಡೆಸ್ಟ್ರಾಯ್ಡ್' ಬೇಕು. 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದು ಆದ ಅನಾಹುತಾನ ಒಂದೇ ವಾಕ್ಯದಲ್ಲಿ ಬರೀಬೇಕು ಅಂದ್ರೆ ಹಿಂಗೆ: ಹಿಲ್ಸ್ ಕೊಲ್ಯಾಪ್ಸ್ಡ್, ಹೌಸಸ್ ವರ್ ಡೆಸ್ಟ್ರಾಯ್ಡ್, ರೋಡ್ಸ್ ವರ್ ವಾಶ್ಡ್ ಅವೇ, ಫ್ಯಾಮಿಲೀಸ್ ವರ್ ಡೆವಸ್ಟೇಟೆಡ್. ಗುಡ್ಡಕ್ಕೆ 'ವರ್' ಇಲ್ಲ, ಮಿಕ್ಕಿದ್ದಕ್ಕೆಲ್ಲ ಇದೆ ನೋಡಿ. ಡೆವಸ್ಟೇಟ್ ಅನ್ನೋದು ಊರಿಗೆ ಊರೇ ಹೋದಾಗ, ಇಲ್ಲಾ ಮನುಷ್ಯ ಒಳಗಿಂದ ಕುಸಿದಾಗ. ಮೊಬೈಲ್ ಸ್ಕ್ರೀನ್ ಒಡೆದಿದ್ದಕ್ಕೆಲ್ಲ ಡೆವಸ್ಟೇಟೆಡ್ ಅನ್ನೋರನ್ನ ಕಂಡ್ರೆ ನಂಗೆ ಸಿಟ್ಟು ಬರುತ್ತೆ.

ಸ್ಪಾಯಿಲ್, ರೂಯಿನ್ ಎರಡೂ ಅಕ್ಕಪಕ್ಕದವು. ತಿನ್ನೋ ವಸ್ತು ಕೆಟ್ಟರೆ ಸ್ಪಾಯಿಲ್, ಮುದ್ದು ಜಾಸ್ತಿಯಾಗಿ ಮಗು ಕೆಟ್ಟರೂ ಸ್ಪಾಯಿಲ್. ರೂಯಿನ್ ಅಂದ್ರೆ ವಸ್ತು ಕಣ್ಣೆದುರಿಗೇ ಇದೆ, ಆದ್ರೆ ಯಾತಕ್ಕೆ ಇಟ್ಕೊಂಡಿದ್ವೋ ಅದಕ್ಕೆ ಬರಲ್ಲ. ಜನವರಿಯಲ್ಲಿ ಕಣದಲ್ಲಿ ಒಣಗೋಕೆ ಹರವಿದ ಚೆರ್ರಿ, ಅಂದ್ರೆ ಸಿಪ್ಪೆ ಸಮೇತದ ಕಾಫಿ ಹಣ್ಣಿನ ಮೇಲೆ ರಾತ್ರೋರಾತ್ರಿ ಮಳೆ ಬಿತ್ತು, ಟಾರ್ಪಲ್ ಎಳೆಯೋ ಹೊತ್ತಿಗೆ ನೆನೆದಿತ್ತು, ನಾಲ್ಕು ದಿನಕ್ಕೆ ಬೂಷ್ಟು ಬಂತು. ಕಾಫಿ ಕಣದಲ್ಲೇ ಇದೆ, ರೇಟಷ್ಟೇ ಹೋಯ್ತು. ಇಲ್ಲಿ 'ದಿ ರೇನ್ ರೂಯಿನ್ಡ್ ದಿ ಕಾಫಿ' ಅಂದ್ರೆ ಸರಿಯಾಗಿ ಕೂರುತ್ತೆ. ಸಾಲದಲ್ಲಿ ಮುಳುಗಿದೋನಿಗೂ ರೂಯಿನ್ಡ್ ಅಂತಾರೆ, ಮರ್ಯಾದೆ ಹೋದ್ರೂ ಅದೇ. ಮೆಷಿನ್‌ಗೆ ಮಾತ್ರ ಸ್ಪಾಯಿಲ್ ಬೇಡ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ನಿಂತೋದ್ರೆ 'ಬ್ರೋಕ್ ಡೌನ್' ಅನ್ನಿ.

ಡಿಮಾಲಿಷ್ ಅಂದ್ರೆ ಬೇಕಂತಲೇ ಕೆಡವೋದು, ಜೆಸಿಬಿ ತಂದು ತೋಟದ ಕೆಲಸದೋರ ಹಳೇ ಲೈನ್ ಮನೆ ನೆಲಸಮ ಮಾಡೋದು. ತಮಾಷೆಗೆ ಊಟಕ್ಕೂ ಹೇಳ್ತಾರೆ, ಮದುವೆ ಮನೇಲಿ ಕಡುಬು ಪಂದಿಕರಿ ತಟ್ಟೆ ತುಂಬಾ ಹಾಕಿಸ್ಕೊಂಡು ಖಾಲಿ ಮಾಡಿದ್ರೆ ಅದೂ ಡಿಮಾಲಿಷ್ಡ್.

ಮರ ಬಿದ್ದು ಜೀಪು ಅಪ್ಪಚ್ಚಿ ಆದ್ರೆ ರೆಕ್, ಸ್ಪೆಲ್ಲಿಂಗಲ್ಲಿ ಮೊದಲು ಡಬ್ಲ್ಯೂ ಇದೆ, ಅದನ್ನ ಉಚ್ಚರಿಸಬೇಡಿ. ಆನೆ ದಾಂಧಲೆ ಮಾಡ್ತು ಅನ್ನೋಕೆ ಇದನ್ನೇ ಹ್ಯಾವಕ್ ಜೊತೆ ಸೇರಿಸಿ 'ರೆಕ್ಡ್ ಹ್ಯಾವಕ್' ಅಂತಾರಲ್ಲ, ಅದು ತಪ್ಪು, ಅದು ಬೇರೆ ವರ್ಬ್, 'ರೀಕ್ಡ್ ಹ್ಯಾವಕ್' ಅನ್ಬೇಕು. ಅದಕ್ಕಿಂತ ಅರ್ಜಿಯಲ್ಲಿ ಆನೆ ಏನೇನ್ ಮಾಡ್ತು ಅಂತ ಬಿಡಿಸಿ ಬರೆದ್ರೆ ಇನ್ನೂ ಒಳ್ಳೇದು: ಟ್ರ್ಯಾಂಪಲ್ಡ್ ದಿ ಪ್ಯಾಡಿ, ಅಪ್‌ರೂಟೆಡ್ ದಿ ಬನಾನಾ ಪ್ಲಾಂಟ್ಸ್, ಬ್ರೋಕ್ ದಿ ಗೇಟ್. ಗದ್ದೆ ತುಳಿದಿದ್ದು, ಬಾಳೆ ಕಿತ್ತಿದ್ದು, ಗೇಟ್ ಮುರಿದಿದ್ದು ಮೂರೂ ಓದಿದೋರ ಕಣ್ಣಿಗೆ ಕಟ್ಟುತ್ತೆ.

ರೋಗ, ಹುಳಕ್ಕೆ 'ವೈಪ್ ಔಟ್' ಇದೆ, ಆದ್ರೆ ಒಂದೂ ಉಳೀದಿದ್ದಾಗ ಮಾತ್ರ. 1869ರಲ್ಲಿ ಸಿಲೋನಲ್ಲಿ ಕಾಣಿಸ್ಕೊಂಡ ಎಲೆ ತುಕ್ಕು ರೋಗ ಅಲ್ಲಿನ ಕಾಫಿಯನ್ನ ಹೆಚ್ಚೂಕಮ್ಮಿ ವೈಪ್ ಔಟ್ ಮಾಡ್ತು, ಆಮೇಲೆ ಅಲ್ಲಿ ಟೀ ಬಂತು. ನಮ್ಮ ಅರೇಬಿಕಾಗೆ ಕಾಂಡ ಕೊರಕ ಹತ್ತಿದೆ ಅಂದ್ರೆ 'ಅಟ್ಯಾಕ್ಡ್' ಸಾಕು.

ಒಂದು ವಿಚಿತ್ರ ಇದೆ, ಪ್ರಾಣಿಗೆ 'ವಾಸ್ ಡೆಸ್ಟ್ರಾಯ್ಡ್' ಅಂತ ಇಂಗ್ಲಿಷ್ ಪೇಪರಲ್ಲಿ ಓದಿದ್ರೆ ಗಾಬರಿ ಬೀಳ್ಬೇಡಿ, ಹುಚ್ಚು ಹಿಡಿದ ನಾಯೀನೋ ಕಾಲು ಮುರಿದ ಕುದುರೇನೋ ಸಾಯಿಸಿದ್ರು ಅಂತ ಅರ್ಥ.

ಹೋಂಸ್ಟೇನೋರಿಗೆ ಕೊನೆಯದಾಗಿ, 'ರೋಡ್ ಡೆಸ್ಟ್ರಾಯ್ಡ್' ಅಂತ ಮೆಸೇಜ್ ಹಾಕಿದ್ರೆ ಗೆಸ್ಟ್ ಕ್ಯಾನ್ಸಲ್ ಮಾಡಿ ಅಡ್ವಾನ್ಸ್ ವಾಪಸ್ ಕೇಳ್ತಾರೆ. ಒಂದು ಕಡೆ ಅಂಚು ಕುಸಿದು ಕಾರು ಹೋಗೋಷ್ಟು ಜಾಗ ಇದ್ರೆ 'ದಿ ರೋಡ್ ಈಸ್ ಡ್ಯಾಮೇಜ್ಡ್ ಅಟ್ ಒನ್ ಸ್ಪಾಟ್, ಕಾರ್ಸ್ ಕ್ಯಾನ್ ಪಾಸ್' ಅಂತ ಬರೀರಿ. ಬಸ್ ಬರೋದಾದ್ರೆ ಅದನ್ನ ಬೇರೆ ಹೇಳಿ.